ಜೋಡಿ ಕಟ್ಟುವವರು, ಕೂಗುವವರು

ಕೆಲಸಕ್ಕೆ ತಡವಾಗುತ್ತದೆ ಎಂದು ಗೊತ್ತಿದ್ದರೂ ಆ ಸೋಮವಾರ ಬೆಳಗ್ಗೆ ನಾನು ಟಿವಿ ಮುಂದಿನಿಂದ ಏಳಲಿಲ್ಲ. 2014ರ ಜನವರಿ 27. ಅಮೆರಿಕದಲ್ಲಿ ಅದು ಇನ್ನೂ ಭಾನುವಾರ ರಾತ್ರಿ. ಪಿಟ್ಸ್‌ಬರ್ಗ್‌ನಲ್ಲಿ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇಯ ರಾಯಲ್ ರಂಬಲ್ ನಡೆಯುತ್ತಿತ್ತು. ಮೂವತ್ತು ಜನರ ಕಾಳಗ ಅದು. ಇಬ್ಬರಿಂದ ಶುರುವಾಗುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಮೇಲಿನ ಹಗ್ಗ ದಾಟಿ ಬಿದ್ದು ಎರಡೂ ಪಾದ ನೆಲಕ್ಕೆ ತಾಗಿದರೆ ಅವನ ಆಟ ಮುಗಿಯಿತು. ಕೊನೆಗೆ ಉಳಿದವನಿಗೆ ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಎದುರು ನಿಲ್ಲುವ ಅವಕಾಶ. ಪ್ರತಿಯೊಬ್ಬ ಬರುವ ಮುಂಚೆ ದೊಡ್ಡ ಪರದೆಯ ಮೇಲೆ ಅಂಕಿ ಹತ್ತರಿಂದ ಇಳಿಯುತ್ತದೆ, ಕೂತ ಜನವೆಲ್ಲ ಅದರ ಜತೆ ಎಣಿಸುತ್ತಾರೆ. ಅವತ್ತು 29 ಜನ ಬಂದಾಗಿತ್ತು. ಎಲ್ಲರೂ ಕಾಯುತ್ತಿದ್ದ ಡೇನಿಯಲ್ ಬ್ರಯನ್ ಮಾತ್ರ ಬಂದಿರಲಿಲ್ಲ. ಕೊನೆಯ ಎಣಿಕೆ ಮುಗಿದು ಸಂಗೀತ ಮೊಳಗಿತು. ಅದು ರೇ ಮಿಸ್ಟೀರಿಯೊನ ಸಂಗೀತ.

ಮಿಸ್ಟೀರಿಯೊ ಎಂದರೆ ಮುಖವಾಡ ತೊಟ್ಟ ಪುಟ್ಟ ಆಳು, ಮಕ್ಕಳ ಕಣ್ಮಣಿ, ಬಯ್ಯಲು ಯಾರಿಗೂ ಬಾಯಿ ಬಾರದಂಥ ಆಟಗಾರ. ಅವನನ್ನು ಕಂಡು ಆ ಜನ ‘ಬೂ’ ಎಂದು ಕೂಗಿದರು. ಒಂದು ಮೂಲೆಯಿಂದಲ್ಲ, ಛಾವಣಿ ಅದುರುವ ಹಾಗೆ. ಅವನು ಹೊರಗೆ ಬಿದ್ದಾಗ ಸಂತೋಷಪಟ್ಟರು. ಅವನು ಮಾಡಿದ ತಪ್ಪು ಒಂದೇ: ಅವನು ಬ್ರಯನ್ ಆಗಿರಲಿಲ್ಲ. ಕೊನೆಗೆ ಗೆದ್ದದ್ದು ಸುಮಾರು ನಾಲ್ಕು ವರ್ಷ ಬಿಟ್ಟು ಹೋಗಿ, ಅದೇ ವಾರ ಹಿಂತಿರುಗಿದ್ದ ಬಟಿಸ್ಟಾ. ಅವನನ್ನು ನಾಯಕನಂತೆ ಬರಮಾಡಿಕೊಳ್ಳಲಿ ಎಂಬುದು ಕಂಪನಿಯ ಲೆಕ್ಕ. ಜನ ಅವನಿಗೂ ಬೂ ಹಾಕಿದರು.

ನಾನು ಟಿವಿ ಆರಿಸಿ ಕೂತಲ್ಲೇ ಕೂತಿದ್ದೆ. ಫಲಿತಾಂಶ ಮೊದಲೇ ಬರೆದಿಟ್ಟ ಆಟ ಇದು ಎಂಬುದು ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಆದರೂ ಅನ್ಯಾಯವಾಯಿತು ಎಂಬ ಸಂಕಟ ಹೊಟ್ಟೆಯಲ್ಲಿ ನಿಜವಾಗಿಯೇ ಇತ್ತು. ಈ ಲೇಖನ ಆ ಸಂಕಟದ ಬಗ್ಗೆ.

ಇದು ಬರೆದಿಟ್ಟ ಆಟ ಎಂದು ನನಗೆ ಮೊದಲು ತಿಳಿಸಿದವನು ನನ್ನ ಅಜ್ಜ. ಹರಿಹರದ ಕಡೆಯ ನಮ್ಮೂರಲ್ಲಿ ಕೇಬಲ್ ಬಂದ ಹೊಸತು. ಅಂಗಡಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ (ಆಗ ಕಂಪನಿಯ ಹೆಸರು ಅದು) ಟ್ರಂಪ್ ಕಾರ್ಡ್ ಸಿಗುತ್ತಿದ್ದವು. ಎತ್ತರ, ತೂಕ, ಎದೆ, ಬೈಸೆಪ್ಸ್, ರ‍್ಯಾಂಕ್ ಎಲ್ಲವೂ ನಮಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿದ್ದವು. ಅಜ್ಜ ಹರೆಯದಲ್ಲಿ ಗರಡಿಯಲ್ಲಿ ಮಣ್ಣು ಹೊತ್ತವನು, ಸುತ್ತಲಿನ ಯಾವ ಜಾತ್ರೆಯ ಕುಸ್ತಿಯನ್ನೂ ಬಿಟ್ಟವನಲ್ಲ. ಟಿವಿಯಲ್ಲಿ ಒಬ್ಬ ಇನ್ನೊಬ್ಬನನ್ನು ಕುರ್ಚಿಯಿಂದ ಹೊಡೆಯುವುದನ್ನು ನೋಡಿ, “ಇದು ಕುಸ್ತಿ ಅಲ್ಲಲೇ ತಮ್ಮಾ, ಮೊದ್ಲೇ ಮಾತಾಡ್ಕೆಂಡು ಬಂದಾರೆ ಅವ್ರು” ಎಂದು ಒಂದೇ ಮಾತಲ್ಲಿ ಮುಗಿಸಿದ್ದ. ಆದರೆ ಎದ್ದು ಹೋಗಲಿಲ್ಲ. ಸಣ್ಣ ಆಳೊಬ್ಬ ದೈತ್ಯನೊಬ್ಬನ ಎದುರು ಇಪ್ಪತ್ತು ನಿಮಿಷ ಒದ್ದಾಡಿ, ಇನ್ನೇನು ಗೆದ್ದ ಅನ್ನುವಾಗ ಹಿಂದಿನಿಂದ ಮೂರನೆಯವನು ಬಂದು ಹೊಡೆದು ಸೋಲಿಸಿದ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೂ ಆ ಹುಡ್ಗಂಗೆ ಮೋಸ ಆತು ನೋಡು” ಎಂದ.

ಯಾರು ಯಾರ ಎದುರು ನಿಲ್ಲಬೇಕು, ಯಾರು ಗೆಲ್ಲಬೇಕು, ಯಾವ ರೀತಿ ಗೆಲ್ಲಬೇಕು ಎಂದು ತೆರೆಯ ಹಿಂದೆ ಕೂತು ತೀರ್ಮಾನಿಸುವುದಕ್ಕೆ ಆ ಲೋಕದಲ್ಲಿ ಬುಕಿಂಗ್ ಎನ್ನುತ್ತಾರೆ. ನಮ್ಮ ಕುಸ್ತಿಯಲ್ಲಿ ಅದಕ್ಕೆ ಹತ್ತಿರದ ಮಾತೊಂದಿದೆ, ಜೋಡಿ ಕಟ್ಟುವುದು. ಮೈಸೂರು ದಸರಾ ಕುಸ್ತಿಗೂ ಮುಂಚೆ ಹಿರಿಯರು ಕೂತು ವಯಸ್ಸು, ತೂಕ, ಪಳಗಿದ ಮಟ್ಟ ನೋಡಿ ಪೈಲ್ವಾನರ ಜೋಡಿ ಕಟ್ಟುತ್ತಾರೆ. ಅಲ್ಲಿ ಅವರ ಕೆಲಸ ಅಷ್ಟಕ್ಕೇ ಮುಗಿಯಿತು. ಮಿಕ್ಕಿದ್ದನ್ನು ಮಣ್ಣು ತೀರ್ಮಾನಿಸುತ್ತದೆ. ಜೋಡಿ ಸರಿಯಿಲ್ಲದಿದ್ದರೆ ಸುತ್ತ ಕೂತ ಜನ ಬಿಡುವುದಿಲ್ಲ, ಎದ್ದು ನಿಂತು ಕೂಗುತ್ತಾರೆ. ಅಮೆರಿಕದ ಆಟದಲ್ಲಿ ಜೋಡಿ ಕಟ್ಟುವವರೇ ಫಲಿತಾಂಶವನ್ನೂ ಬರೆಯುತ್ತಾರೆ. ಹಾಗಾಗಿ ಕೂಗುವವರ ಹೊಣೆ ಅಲ್ಲಿ ಇನ್ನೂ ದೊಡ್ಡದು.

ಇದು ಬರೆದ ಆಟ ಎಂಬುದೇನೂ ಗುಟ್ಟಲ್ಲ. 1989ರಲ್ಲೇ ಕಂಪನಿ ನ್ಯೂಜೆರ್ಸಿಯ ಶಾಸಕರ ಮುಂದೆ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡೆಗೆ ಬೀಳುವ ಸರ್ಕಾರಿ ನಿಯಂತ್ರಣದಿಂದ ತಪ್ಪಿಸಿಕೊಳ್ಳುವುದು ಅದರ ಉದ್ದೇಶ. ಅಭಿಮಾನಿಗಳೇನೂ ಬಿಟ್ಟು ಹೋಗಲಿಲ್ಲ. ಗದಾಪರ್ವ ನೋಡಲು ರಾತ್ರಿಯಿಡೀ ಕೂತವರಿಗೆ ಕೌರವ ಬೀಳುತ್ತಾನೆ ಎಂದು ಗೊತ್ತಿಲ್ಲವೇ? ಬೆಳಗಾಗೆದ್ದು ಅವರು ಚರ್ಚಿಸುವುದು ಅವನು ಬಿದ್ದನೋ ಇಲ್ಲವೋ ಎಂದಲ್ಲ, ಆ ವೇಷಧಾರಿ ಬಿದ್ದ ರೀತಿ ಕೌರವನ ಘನತೆಗೆ ತಕ್ಕುದಾಗಿತ್ತೇ ಎಂದು. ಒಂದು ವ್ಯತ್ಯಾಸವಿದೆ. ಗದಾಪರ್ವದ ಕೊನೆಯನ್ನು ಯಾರೂ ಬದಲಿಸಲಾರರು. ರೆಸ್ಲಿಂಗ್‌ನಲ್ಲಿ ಮುಂದಿನ ಅಧ್ಯಾಯ ಇನ್ನೂ ಬರೆದಿರುವುದಿಲ್ಲ, ಮತ್ತು ಕೂಗು ಅದನ್ನು ಬರೆಯುವವರ ಕಿವಿಗೆ ಬೀಳುತ್ತದೆ.

ಬ್ರಯನ್‌ನ ಕತೆ ಇದಕ್ಕೆ ನಾನು ಕಂಡ ದೊಡ್ಡ ಸಾಕ್ಷಿ. ಅವನ ನಿಜವಾದ ಹೆಸರು ಬ್ರಯನ್ ಡೇನಿಯಲ್‌ಸನ್, ವಾಷಿಂಗ್ಟನ್ ರಾಜ್ಯದ ಅಬರ್ಡೀನ್ ಎಂಬ ಸಣ್ಣ ಊರಿನವನು. ರಿಂಗ್ ಆಫ್ ಆನರ್‌ನಂಥ ಚಿಕ್ಕ ಕಂಪನಿಗಳಲ್ಲಿ, ಸಣ್ಣ ಸಣ್ಣ ಸಭಾಂಗಣಗಳಲ್ಲಿ ವರ್ಷಗಟ್ಟಲೆ ಬೆವರು ಹರಿಸಿ, ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಒಬ್ಬ ಎಂದು ಹೆಸರು ಗಳಿಸಿ, 2010ರಲ್ಲಿ ಡಬ್ಲ್ಯುಡಬ್ಲ್ಯುಇಗೆ ಬಂದ. ಎತ್ತರವಿಲ್ಲ, ಕಲ್ಲಿನಲ್ಲಿ ಕಡೆದಂಥ ಮೈಯಿಲ್ಲ. ಗಡ್ಡ ಬಿಟ್ಟರೆ ಪಕ್ಕದ ಬೀದಿಯ ಹುಡುಗನ ಹಾಗಿದ್ದ. 2012ರ ಏಪ್ರಿಲ್ 1ರಂದು ಮಯಾಮಿಯ ರೆಸಲ್‌ಮೇನಿಯಾದಲ್ಲಿ ಅವನು ವಿಶ್ವ ಚಾಂಪಿಯನ್ ಆಗಿ ಕಣಕ್ಕಿಳಿದು 18 ಸೆಕೆಂಡಿನಲ್ಲಿ ಸೋತ. ಪ್ರೇಯಸಿಗೆ ಮುತ್ತು ಕೊಟ್ಟು ತಿರುಗುವಷ್ಟರಲ್ಲಿ ಶೇಮಸ್‌ನ ಒಂದು ಒದೆ. ಅಷ್ಟೇ.

ಕತೆ ಬರೆದವರ ಪಾಲಿಗೆ ಅದು ಖಳನಿಗೆ ಆದ ಶಾಸ್ತಿ. ಜನರಿಗೆ ಹಾಗೆ ಕಾಣಲಿಲ್ಲ. ಇಷ್ಟು ದುಡಿದವನಿಗೆ ವರ್ಷದ ದೊಡ್ಡ ದಿನ 18 ಸೆಕೆಂಡೇ? ಮರುದಿನ ರಾತ್ರಿಯ ಕಾರ್ಯಕ್ರಮದಲ್ಲಿ ಅವರು ಅವನದೇ ‘ಯೆಸ್! ಯೆಸ್!’ ಘೋಷಣೆಯನ್ನು ಎತ್ತಿಕೊಂಡು, ಯಾರು ಬಂದರೂ ಯಾರು ಮಾತಾಡಿದರೂ ಬಿಡದೆ ಕೂಗಿದರು. ಅದುವರೆಗೆ ಆ ಘೋಷಣೆ ಬ್ರಯನ್‌ನ ಜಂಬ ತೋರಿಸಲು ಇಟ್ಟದ್ದು. ಆ ರಾತ್ರಿಯಿಂದ ಅದು ಜನರ ಸೊತ್ತಾಯಿತು. ಎರಡೂ ತೋರುಬೆರಳು ಮೇಲೆತ್ತಿ ಕೂಗುವ ಆ ಸನ್ನೆ ಆಮೇಲೆ ಬೇರೆ ಆಟಗಳ ಮೈದಾನಕ್ಕೂ ಹೋಯಿತು.

2013ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್‌ನ ಸಮ್ಮರ್‌ಸ್ಲ್ಯಾಮ್ ಕಾರ್ಯಕ್ರಮದಲ್ಲಿ ಅವನು ಜಾನ್ ಸೀನಾನನ್ನು ಯಾವ ಮೋಸವೂ ಇಲ್ಲದೆ ಸೋಲಿಸಿದ. ಸೀನಾ ಅಂದರೆ ಆ ಕಾಲದ ಕಂಪನಿಯ ಮುಖ. ಆದರೆ ಬೆಲ್ಟ್ ಕೈಗೆ ಬಂದ ಕೆಲವೇ ನಿಮಿಷಕ್ಕೆ, ರೆಫರಿಯಾಗಿ ನಿಂತಿದ್ದ ಟ್ರಿಪಲ್ ಎಚ್, ಹಳೆಯ ಆಟಗಾರ, ಕಂಪನಿಯ ಅಧಿಕಾರಿಯೂ ಹೌದು, ಅವನನ್ನು ಕೆಡವಿದ. ಕಾದು ಕುಳಿತಿದ್ದ ರ‍್ಯಾಂಡಿ ಆರ್ಟನ್ ಬಂದು ಬೆಲ್ಟ್ ಎತ್ತಿಕೊಂಡು ಹೋದ. ಮುಂದಿನ ತಿಂಗಳುಗಳಲ್ಲಿ ಬ್ರಯನ್‌ಗೆ ಸಿಕ್ಕಿದ ಬಿರುದು ‘ಬಿ ಪ್ಲಸ್ ಆಟಗಾರ’. ಒಳ್ಳೆಯವನೇ, ಆದರೆ ಮೊದಲ ದರ್ಜೆಯವನಲ್ಲ, ಕಂಪನಿಯ ಮುಖವಾಗುವ ಯೋಗ್ಯತೆಯಿಲ್ಲ ಎಂದು ಮಾಲೀಕರ ಪಾತ್ರಗಳು ವಾರವಾರವೂ ಹೇಳಿದವು.

ಇಲ್ಲಿಂದ ಕತೆ ಮತ್ತು ವಾಸ್ತವದ ಗೆರೆ ಅಳಿಸುತ್ತಾ ಹೋಯಿತು. ತೆರೆಯ ಮೇಲಿನ ಮಾಲೀಕರು ಬ್ರಯನ್ ಬೇಡ ಎನ್ನುತ್ತಿದ್ದರು, ಅದು ಕತೆ. ತೆರೆಯ ಹಿಂದೆಯೂ, ವರ್ಷ ಮುಗಿಯುವ ಹೊತ್ತಿಗೆ, ಮುಖ್ಯ ಪಂದ್ಯಗಳಿಗೆ ಕಟ್ಟುತ್ತಿದ್ದ ಜೋಡಿಗಳಲ್ಲಿ ಬ್ರಯನ್ ಇರಲಿಲ್ಲ, ಅದು ನಿಜ. ಎರಡನ್ನೂ ಒಟ್ಟಿಗೆ ಓದಿದ ಅಭಿಮಾನಿಗೆ, ತಾನು ಕೂಗದಿದ್ದರೆ ಈ ಆಳು ಮುಳುಗಿಯೇ ಹೋಗುತ್ತಾನೆ ಅನ್ನಿಸಿತು. 2013ರ ಡಿಸೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ಹಳೆಯ ಚಾಂಪಿಯನ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಸೀನಾ ಮತ್ತು ಆರ್ಟನ್‌ರ ಮುಖಾಮುಖಿಯನ್ನು ವೈಭವದಿಂದ ತೋರಿಸಲು ಹೊರಟಾಗ, ಬ್ರಯನ್‌ನ ತವರು ರಾಜ್ಯದ ಜನ ಅವನ ಹೆಸರು ಕೂಗುವುದನ್ನು ನಿಲ್ಲಿಸಲೇ ಇಲ್ಲ. ಮೈಕ್ ಹಿಡಿದವರು ಮಾತು ಮರೆತು ನಿಂತರು. ಅದರ ಮುಂದಿನ ತಿಂಗಳೇ ಪಿಟ್ಸ್‌ಬರ್ಗ್‌ನ ಆ ರಾತ್ರಿ.

ಆಗ ರೆಸಲ್‌ಮೇನಿಯಾಕ್ಕೆ ಹಾಕಿದ್ದ ಯೋಜನೆ ಆರ್ಟನ್ ಎದುರು ಬಟಿಸ್ಟಾ. ರಂಬಲ್ ಮುಗಿದ ಮರುದಿನ ಇನ್ನೊಬ್ಬ ಜನಪ್ರಿಯ ಆಟಗಾರ ಸಿಎಂ ಪಂಕ್ ಕಂಪನಿ ಬಿಟ್ಟು ಹೊರಟೇ ಹೋದ. ಅವನ ಜೋಡಿಯಾಗಬೇಕಿದ್ದ ಟ್ರಿಪಲ್ ಎಚ್‌ಗೆ ಎದುರಾಳಿ ಇಲ್ಲವಾಯಿತು. ಒಂದು ಕಡೆ ಖಾಲಿ ಜಾಗ, ಇನ್ನೊಂದು ಕಡೆ ಊರೂರಲ್ಲಿ ನಿಲ್ಲದ ಕೂಗು. ಮಾರ್ಚ್ 10ರಂದು ಮೆಂಫಿಸ್‌ನಲ್ಲಿ ಬ್ರಯನ್‌ನ ಅಂಗಿ ತೊಟ್ಟ ಜನ ರಿಂಗ್ ತುಂಬಿ, ಅದರ ಸುತ್ತಲೂ ನಿಂತು, ಪಂದ್ಯ ಕೊಡುವವರೆಗೆ ಕದಲುವುದಿಲ್ಲ ಎಂದರು. ಆ ದೃಶ್ಯ ಕಂಪನಿಯೇ ಏರ್ಪಡಿಸಿದ್ದು. ಆದರೆ ಅದರಲ್ಲಿ ತುಂಬಿದ್ದ ಸಿಟ್ಟು ಕಂಪನಿಯದಲ್ಲ. ಜನರ ನಿಜವಾದ ಬಂಡಾಯವನ್ನು ಕತೆಯೊಳಗೆ ಕರೆದು ಕೂರಿಸಿದ ಆ ತೀರ್ಮಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ತಪ್ಪಾಗಿದೆ ಎಂದು ಬಾಯಿಬಿಟ್ಟು ಹೇಳದೆ ತಿದ್ದಿಕೊಳ್ಳಲು ಇದಕ್ಕಿಂತ ಚಂದದ ದಾರಿ ಇರಲಿಲ್ಲ.

ಏಪ್ರಿಲ್ 6, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. ನಮಗೆ ಸೋಮವಾರ ನಸುಕಿನ ನಾಲ್ಕೂವರೆ. ಬ್ರಯನ್ ಮೊದಲ ಪಂದ್ಯದಲ್ಲಿ ಟ್ರಿಪಲ್ ಎಚ್‌ನನ್ನು ಸೋಲಿಸಿದ. ಕೊನೆಯ ಪಂದ್ಯದಲ್ಲಿ ಆರ್ಟನ್ ಮತ್ತು ಬಟಿಸ್ಟಾ ಸೇರಿ ಅವನನ್ನು ಮೇಜಿನ ಮೇಲೆ ಕುಕ್ಕಿದರು, ಸ್ಟ್ರೆಚರ್ ಬಂತು, ಹೊತ್ತು ಸಾಗಿಸುತ್ತಿದ್ದರು. ಅವನು ಸ್ಟ್ರೆಚರ್‌ನಿಂದ ಉರುಳಿ ಇಳಿದು ವಾಪಸ್ ರಿಂಗ್‌ಗೆ ಬಂದ. ಬಟಿಸ್ಟಾ ಅವನ ಹಿಡಿತದಲ್ಲಿ ಸಿಕ್ಕಿ ನೆಲ ತಟ್ಟಿ ಸೋಲೊಪ್ಪಿದ. ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ ಎರಡೂ ಕೈ ಎತ್ತಿ ಕೂಗುತ್ತಿದ್ದರು. ಬಾಡಿಗೆ ಮನೆಯ ಗೋಡೆ ತೆಳ್ಳಗಿದ್ದುದರಿಂದ ನಾನು ಬಾಯಿಗೆ ದಿಂಬು ಒತ್ತಿಕೊಂಡು ಕೂಗಿದೆ.

ಮೊದಲಿನಿಂದಲೂ ಹೀಗೇ ಎಂದು ಯೋಚಿಸಿದ್ದೆವು, ನಿಮ್ಮನ್ನು ಕೆರಳಿಸಲೆಂದೇ ತಡ ಮಾಡಿದ್ದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಜನರ ನಾಯಕ ಆಗಲೇ ಸಿದ್ಧನಿದ್ದರೆ ಬಟಿಸ್ಟಾನನ್ನು ನಾಯಕನಾಗಿ ತಂದು ಬೂ ತಿನ್ನಿಸುವ ಅಗತ್ಯ ಯಾರಿಗಿತ್ತು? ಒಬ್ಬ ಆಟಗಾರನನ್ನು ವರ್ಷಗಟ್ಟಲೆ ಬೆಳೆಸಿ, ಪೆಟ್ಟು ತಿನ್ನಿಸಿ, ಮತ್ತೆ ಮತ್ತೆ ಎಬ್ಬಿಸಿ ತೋರಿಸಿದರೆ ನೋಡುವವರಿಗೆ ಒಂದು ಮಾತು ಕೊಟ್ಟ ಹಾಗೆ. ಆ ಮಾತು ಯಾವಾಗ ತೀರುತ್ತದೆ ಎಂದು ಜನ ಕಾಯುತ್ತಾರೆ. ಸೋಲನ್ನು ಅವರು ತಾಳಿಕೊಳ್ಳುತ್ತಾರೆ, ತಡವನ್ನೂ ತಾಳಿಕೊಳ್ಳುತ್ತಾರೆ. ಮಾತು ಕೊಟ್ಟದ್ದೇ ಮರೆತು ಹೋಯಿತು ಎಂಬಂತೆ ನಡೆದುಕೊಂಡರೆ ತಾಳುವುದಿಲ್ಲ.

ಅದೇ ಸೂಪರ್‌ಡೋಮ್, ಅದೇ ರಾತ್ರಿ, ಅಂಡರ್‌ಟೇಕರ್ ಸೋತ. ನಮ್ಮ ಬಾಲ್ಯದಲ್ಲಿ ಅವನಿಗೆ ಏಳು ಜೀವ. ಆರು ಸಲ ಸತ್ತು ಬಂದಿದ್ದಾನೆ ಎಂದು ಶಾಲೆಯಲ್ಲಿ ಆಣೆ ಇಟ್ಟು ಹೇಳುವ ಗೆಳೆಯರಿದ್ದರು. 1996ರ ಹಿಂದಿ ಸಿನಿಮಾ ‘ಖಿಲಾಡಿಯೋಂ ಕಾ ಖಿಲಾಡಿ’ಯಲ್ಲಿ ಅಕ್ಷಯ್ ಕುಮಾರ್ ಜತೆ ಹೊಡೆದಾಡಿದ್ದು ಅವನೇ ಎಂದು ನಾವೆಲ್ಲ ನಂಬಿದ್ದೆವು. ಅದು ಬ್ರಯನ್ ಲೀ ಎಂಬ ಬೇರೆ ಆಟಗಾರ, 1994ರಲ್ಲಿ ‘ನಕಲಿ ಅಂಡರ್‌ಟೇಕರ್’ ವೇಷ ಹಾಕಿದ್ದವನು ಎಂದು ತಿಳಿಯುವ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. 1991ರಿಂದ ರೆಸಲ್‌ಮೇನಿಯಾದಲ್ಲಿ ಆಡಿದ 21 ಪಂದ್ಯಗಳಲ್ಲೂ ಸೋಲದವನು 22ನೆಯದರಲ್ಲಿ ಬ್ರಾಕ್ ಲೆಸ್ನರ್‌ಗೆ ಬಿದ್ದ. ಪರದೆಯ ಮೇಲೆ 21–1 ಎಂದು ಮೂಡಿತು. ಸೂಪರ್‌ಡೋಮ್ ಸ್ತಬ್ಧವಾಯಿತು. ಬಾಯಿ ತೆರೆದು ಕಣ್ಣರಳಿಸಿ ನಿಂತ ಪ್ರೇಕ್ಷಕರ ಮುಖಗಳನ್ನು ಕ್ಯಾಮೆರಾ ಒಂದೊಂದಾಗಿ ತೋರಿಸಿತು.

ಇದರ ಬಗ್ಗೆ ಅಭಿಮಾನಿಗಳು ಈಗಲೂ ಎರಡು ಪಾಲು. ಎಂದಾದರೂ ಸೋಲಲೇಬೇಕಿತ್ತು, ದೈತ್ಯನೊಬ್ಬನಿಗೆ ಸೋತದ್ದು ಸರಿ ಎನ್ನುವವರಿದ್ದಾರೆ. ನನ್ನ ತಕರಾರು ಸೋಲಿನ ಬಗ್ಗೆ ಅಲ್ಲ, ಆಸ್ತಿಯ ಬಗ್ಗೆ. 21 ಗೆಲುವು ಎಂದರೆ ಎರಡು ದಶಕ ಕೂಡಿಟ್ಟ ಆಸ್ತಿ. ಅದನ್ನು ಲೆಸ್ನರ್ ಕೈಗೆ ಕೊಟ್ಟಿರಿ, ಆಗಲಿ. ಅದೇ ವರ್ಷ ಸಮ್ಮರ್‌ಸ್ಲ್ಯಾಮ್‌ನಲ್ಲಿ ಅವನು ಸೀನಾನನ್ನು 16 ಸಲ ಸೊಂಟ ಹಿಡಿದು ಹಿಂದಕ್ಕೆ ಎತ್ತಿ ಒಗೆದಾಗ, ಈ ಆಸ್ತಿ ಮುಂದೆ ಯಾವನೋ ಎಳೆಯನಿಗೆ ಬರುತ್ತದೆ, ಅವನು ಒಂದೇ ರಾತ್ರಿಯಲ್ಲಿ ಮುಗಿಲಿಗೇರುತ್ತಾನೆ ಎಂದು ಕಾದೆವು. 2016ರ ನವೆಂಬರ್‌ನಲ್ಲಿ ಲೆಸ್ನರ್‌ನನ್ನು 86 ಸೆಕೆಂಡಿನಲ್ಲಿ ಮುಗಿಸಿದ್ದು 49 ವರ್ಷದ ಗೋಲ್ಡ್‌ಬರ್ಗ್. ಆ ರಾತ್ರಿ ಟೊರೊಂಟೊದ ಜನ ಕುಣಿದರು, ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಆಸ್ತಿ ಮನೆಯ ಮಕ್ಕಳ ಪಾಲಿಗೆ ಬರಲಿಲ್ಲ.

ಅಭಿಮಾನಿಗಳು ಯಾವಾಗಲೂ ಸರಿ ಎಂದು ನಾನು ಹೇಳಲಾರೆ. ಪಿಟ್ಸ್‌ಬರ್ಗ್ ರಂಬಲ್‌ನಲ್ಲಿ ಕೊನೆಗೆ ಉಳಿದ ಇಬ್ಬರು ಬಟಿಸ್ಟಾ ಮತ್ತು ರೋಮನ್ ರೇನ್ಸ್. 12 ಜನರನ್ನು ಹೊರಗೆಸೆದಿದ್ದ ರೇನ್ಸ್‌ಗೆ ಜನ ಜೈಕಾರ ಹಾಕಿದರು. ಸರಿಯಾಗಿ ಒಂದು ವರ್ಷದ ಮೇಲೆ ಫಿಲಡೆಲ್ಫಿಯಾದ ರಂಬಲ್‌ನಲ್ಲಿ ಗಾಯದಿಂದ ಚೇತರಿಸಿಕೊಂಡು ಬಂದ ಬ್ರಯನ್ ಬೇಗನೆ ಹೊರಬಿದ್ದು ರೇನ್ಸ್ ಗೆದ್ದಾಗ ಅದೇ ರೇನ್ಸ್‌ಗೆ ಬೂ. ಸಂಬಂಧಿಕನ ಕೈ ಎತ್ತಿ ಹಿಡಿಯಲು ಬಂದ ದಿ ರಾಕ್‌ಗೂ ಬೂ. ಆ ಮನುಷ್ಯ ಜನರ ಪ್ರೀತಿಗೆ ಒಗ್ಗಿಹೋಗಿದ್ದವನು. ಅವನ ಮುಖದಲ್ಲಿ ಮೂಡಿದ ಗೊಂದಲ ನನಗೆ ಇನ್ನೂ ನೆನಪಿದೆ. ಜೋಡಿ ಕಟ್ಟಿದವರ ಮೇಲಿನ ಸಿಟ್ಟನ್ನು ಜನ ಕಣದಲ್ಲಿ ನಿಂತವನ ಮೇಲೆ ತೀರಿಸಿಕೊಂಡರು. ರೇನ್ಸ್ ಅದನ್ನು ಐದು ವರ್ಷ ಹೊತ್ತ. 2020ರ ಆಗಸ್ಟ್‌ನಲ್ಲಿ ಖಳನಾಗಿ ಮರಳಿದ ಮೇಲೆ ಅವನಲ್ಲಿದ್ದ ನಟ ಎಂಥವನು ಎಂದು ಎಲ್ಲರಿಗೂ ಕಂಡಿತು. ಆ ಐದು ವರ್ಷ ನಾನೂ ಅವನನ್ನು ಬೈದಿದ್ದೇನೆ. ಅದು ತಪ್ಪಾಗಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಅಭಿಮಾನಿಗಳು ಕಂಪನಿಗಿಂತ ಬಹಳ ಮುಂದಿದ್ದರು. 2015ರ ಫೆಬ್ರುವರಿಯಲ್ಲಿ ಮೂರು ಗಂಟೆಯ ಕಾರ್ಯಕ್ರಮದಲ್ಲಿ ನಾಲ್ವರು ಹೆಣ್ಣುಮಕ್ಕಳ ಪಂದ್ಯಕ್ಕೆ ಸಿಕ್ಕಿದ್ದು ಸುಮಾರು ಅರ್ಧ ನಿಮಿಷ. ಅವರಿಗೂ ಅವಕಾಶ ಕೊಡಿ ಎಂಬ ಕೂಗು ಆ ರಾತ್ರಿಯೇ ಎದ್ದಿತು, ದಿನಗಟ್ಟಲೆ ಇಳಿಯಲಿಲ್ಲ. 2018ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಬೆಕಿ ಲಿಂಚ್ ಗೆಳತಿ ಶಾರ್ಲೆಟ್ ಮೇಲೆ ಕೈಮಾಡಿದಾಗ ಅವಳನ್ನು ಖಳನಾಯಕಿಯಾಗಿ ನೋಡಬೇಕು ಎಂಬುದು ಬರೆದವರ ಆಸೆ. ಜನ ಒಪ್ಪಲಿಲ್ಲ. ಇಷ್ಟು ದಿನ ಬದಿಗಿಟ್ಟವಳು ಹೊಡೆದರೆ ಅದರಲ್ಲಿ ತಪ್ಪೇನು ಎಂದು ಅವಳ ಪಕ್ಷ ವಹಿಸಿದರು. ಎಂಟು ತಿಂಗಳ ನಂತರ ರೆಸಲ್‌ಮೇನಿಯಾದ ಕೊನೆಯ ಪಂದ್ಯವನ್ನು ಮೊದಲ ಬಾರಿಗೆ ಹೆಣ್ಣುಮಕ್ಕಳು ಆಡಿದರು. ಗೆದ್ದವಳು ಬೆಕಿ.

ಇನ್ನು ನಮ್ಮ ದೇಶದ ಮಾತು. 2007ರ ಜುಲೈನಲ್ಲಿ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ದಿ ಗ್ರೇಟ್ ಖಲಿ, ವಿಶ್ವ ಚಾಂಪಿಯನ್ ಆದಾಗ ನಮ್ಮ ಬೀದಿಯ ಹುಡುಗರು ಪಟಾಕಿ ಹೊಡೆದಿದ್ದರು. ಆಟ ನಿಧಾನ, ಮಂಡಿ ನೋವು ಕಣ್ಣಿಗೇ ಕಾಣುತ್ತಿತ್ತು. ಅದೆಲ್ಲ ನಮಗೆ ಬೇಕಿರಲಿಲ್ಲ. ಟ್ರಂಪ್ ಕಾರ್ಡಿನಲ್ಲಿ ನಮ್ಮವರು ಯಾರೂ ಇಲ್ಲದೆ ಬೆಳೆದವರು ನಾವು.

ಹತ್ತು ವರ್ಷದ ಮೇಲೆ, 2017ರ ಮೇ 21ರಂದು, ಜಿಂದರ್ ಮಹಲ್ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಪಂಜಾಬಿ. ವರ್ಷಗಟ್ಟಲೆ ಸೋಲುವುದಕ್ಕೇ ಇದ್ದ ಆಟಗಾರ. 2014ರಲ್ಲಿ ಕಂಪನಿ ಕೈಬಿಟ್ಟಿತ್ತು, 2016ರಲ್ಲಿ ಮೈ ಹುರಿಗಟ್ಟಿಸಿಕೊಂಡು ಮರಳಿದ್ದ. ಕೆಲವು ವಾರದ ಹಿಂದಿನವರೆಗೂ ಸೋಲುತ್ತಿದ್ದವನು ಇದ್ದಕ್ಕಿದ್ದಂತೆ ಚಾಂಪಿಯನ್ ಆದದ್ದು ಭಾರತದ ಮಾರುಕಟ್ಟೆಗಾಗಿ ಎಂದು ಜಗತ್ತೆಲ್ಲ ಆಡಿಕೊಂಡಿತು. ನಮಗೆ ಅದರಿಂದ ಎರಡು ಬಗೆಯ ನೋವು. ನಮ್ಮವನನ್ನು ಹಗುರಾಗಿ ಮಾತಾಡುತ್ತಾರಲ್ಲ ಎಂಬುದು ಒಂದು. ನಮಗಾಗಿ ಕಟ್ಟಿದ ಕತೆಯನ್ನು ಇಷ್ಟು ಅರೆಮನಸ್ಸಿನಿಂದ ಕಟ್ಟಿದರಲ್ಲ ಎಂಬುದು ಇನ್ನೊಂದು. ಗೆಲ್ಲುವಾಗಲೆಲ್ಲ ಅವನ ಹಿಂಬಾಲಕರಾದ ಸಿಂಗ್ ಸಹೋದರರು ಅಡ್ಡ ಬಂದು ಪೆಟ್ಟು ತಿನ್ನಬೇಕು. ಅವನು ತನ್ನ ತೋಳಿನಿಂದ ಗೆದ್ದ ಒಂದು ದೊಡ್ಡ ಪಂದ್ಯವನ್ನೂ ನಮಗೆ ತೋರಿಸಲಿಲ್ಲ. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೆಲ್ಟ್ ಎಜೆ ಸ್ಟೈಲ್ಸ್‌ಗೆ ಹೋಯಿತು. ಡಿಸೆಂಬರ್ 9ರಂದು ದೆಹಲಿಯ ಇಂದಿರಾ ಗಾಂಧಿ ಒಳಾಂಗಣದಲ್ಲಿ ಮುಖ್ಯ ಪಂದ್ಯ: ಜಿಂದರ್ ಎದುರು ಟ್ರಿಪಲ್ ಎಚ್. ಗೆದ್ದದ್ದು ಟ್ರಿಪಲ್ ಎಚ್. ಆಮೇಲೆ ಇಬ್ಬರೂ ಸೇರಿ ಭಾಂಗ್ರಾ ಕುಣಿದರು.

ಅಲ್ಲಿದ್ದವರು ಚಪ್ಪಾಳೆ ತಟ್ಟಿದರು, ಯಾಕೆಂದರೆ ಟ್ರಿಪಲ್ ಎಚ್‌ನನ್ನು ನೋಡಿ ಬೆಳೆದವರು ಅವರು. ಆದರೆ ಜಾತ್ರೆಯ ಕುಸ್ತಿಯಲ್ಲಿ ಊರಿನ ಪೈಲ್ವಾನನಿಗೆ ಜೋಡಿ ಕಟ್ಟುವಾಗ ಅವನ ಮರ್ಯಾದೆಯನ್ನೂ ಜತೆಗೆ ತೂಗಿ ನೋಡುತ್ತಾರೆ. ನಮ್ಮ ದುಡ್ಡಿಗಾಗಿ ಬೆಳೆಸಿದವನನ್ನು ನಮ್ಮ ಅಂಗಳಕ್ಕೇ ತಂದು, ಸೂಟು ತೊಟ್ಟು ಕಚೇರಿಯಲ್ಲಿ ಕೂರುವ ಅಧಿಕಾರಿಯ ಕೈಯಲ್ಲಿ ಸೋಲಿಸುವುದು ಯಾವ ಲೆಕ್ಕ?

ಕೋಡಿ ರೋಡ್ಸ್‌ನ ಕತೆಯಲ್ಲಿ ಈ ಕೂಗು ತನ್ನ ಪೂರ್ತಿ ಬಲ ತೋರಿಸಿತು. ಅವನ ಅಪ್ಪ ಡಸ್ಟಿ ರೋಡ್ಸ್, ಪ್ಲಂಬರ್‌ನ ಮಗ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಜನಸಾಮಾನ್ಯರ ನಾಯಕ. 1977ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚಾಂಪಿಯನ್‌ನನ್ನು ಸೋಲಿಸಿಯೂ, ಎದುರಾಳಿ ರಿಂಗ್‌ನ ಹೊರಗೆ ಉಳಿದ ಕಾರಣಕ್ಕೆ ಬಂದ ಗೆಲುವಾದ್ದರಿಂದ ಬೆಲ್ಟ್ ಸಿಗಲಿಲ್ಲ. ಆ ಕಂಪನಿಯ ವಿಶ್ವ ಬೆಲ್ಟ್ ಅವನಿಗೆ ಸಿಗಲೇ ಇಲ್ಲ, 2015ರಲ್ಲಿ ತೀರಿಕೊಂಡ. ಅಪ್ಪನಿಗೆ ದಕ್ಕದ್ದನ್ನು ಮಗ ತರುತ್ತೇನೆಂದು ಹೊರಟ. 2022ರ ಜೂನ್‌ನಲ್ಲಿ ಎದೆಯ ಸ್ನಾಯು ಹರಿದು, ಅರ್ಧ ಎದೆ ಕಡುನೇರಳೆ ಬಣ್ಣಕ್ಕೆ ತಿರುಗಿದ್ದರೂ ಪಂಜರದೊಳಗೆ ಕಾದು ಗೆದ್ದ. ನಟನೆಯಲ್ಲಿ ತರಲಾಗದ ಬಣ್ಣ ಅದು. ಆ ರಾತ್ರಿ ಜನ ಅವನನ್ನು ತಮ್ಮವನು ಅಂದುಕೊಂಡರು.

2023ರ ರೆಸಲ್‌ಮೇನಿಯಾದಲ್ಲಿ ಅವನು ರೇನ್ಸ್ ಎದುರು ಸೋತ. ಇನ್ನೊಂದು ವರ್ಷ ಕಾದರೆ ಹಣ್ಣು ಇನ್ನಷ್ಟು ಸಿಹಿ ಎಂದು ಕೆಲವರು ವಾದಿಸಿದರು. ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. 2024ರ ಜನವರಿಯಲ್ಲಿ ಕೋಡಿ ಮತ್ತೆ ರಂಬಲ್ ಗೆದ್ದ. ವಾರ ಕಳೆಯುವುದರೊಳಗೆ, ಫೆಬ್ರುವರಿ 2ರಂದು, ಅದೇ ತಾನೇ ಕಂಪನಿಯ ಮಾತೃಸಂಸ್ಥೆಯ ಆಡಳಿತ ಮಂಡಳಿ ಸೇರಿದ್ದ ದಿ ರಾಕ್ ಬಂದು ರೇನ್ಸ್ ಎದುರು ನಿಂತ. ಕೋಡಿ ತಲೆತಗ್ಗಿಸಿ ತನ್ನ ಜಾಗ ಬಿಟ್ಟುಕೊಟ್ಟು ಹೋದ. ದುಡಿದವನ ಸರದಿ ಬಂದಾಗ ದೊಡ್ಡವರು ನಡುವೆ ನುಗ್ಗುವುದು ನಮಗೆ ಹೊಸತಲ್ಲ, ರೇಷನ್ ಅಂಗಡಿಯ ಸಾಲಿನಲ್ಲೂ ಕಂಡಿದ್ದೇವೆ. ‘ನಮಗೆ ಕೋಡಿ ಬೇಕು’ ಎಂಬ ಕೂಗು ಎಷ್ಟು ಜೋರಾಯಿತೆಂದರೆ, ಆರೇ ದಿನದಲ್ಲಿ ಲಾಸ್ ವೇಗಸ್‌ನ ಪತ್ರಿಕಾಗೋಷ್ಠಿಯಲ್ಲಿ ಕತೆ ತಿರುಗಿತು. ಕೋಡಿ ತನ್ನ ಸರದಿ ಮರಳಿ ಕೇಳಿದ, ರಾಕ್ ಅವನ ಕೆನ್ನೆಗೆ ಬಾರಿಸಿ ಖಳನಾದ. ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ, ರೇನ್ಸ್‌ನ 1,316 ದಿನಗಳ ಆಳ್ವಿಕೆ ಕೋಡಿಯ ಕೈಯಲ್ಲಿ ಮುಗಿಯಿತು. ಜನರ ಸಿಟ್ಟನ್ನು ಹತ್ತಿಕ್ಕದೆ ಅದನ್ನೇ ಕತೆಗೆ ಎಣ್ಣೆಯಾಗಿ ಸುರಿದ ರಾಕ್‌ನ ಧೈರ್ಯವನ್ನೂ ನಾನು ಇಲ್ಲಿ ನೆನೆಯುತ್ತೇನೆ.

ಈ ಆಟದಲ್ಲಿ ಬರೆಯಲಾಗದ ಒಂದು ವಸ್ತುವಿದೆ: ಮೈ. ನ್ಯೂ ಆರ್ಲಿಯನ್ಸ್‌ನಲ್ಲಿ ಎರಡು ಬೆಲ್ಟ್ ಎತ್ತಿ ಹಿಡಿದ ಬ್ರಯನ್‌ಗೆ ಮುಂದಿನ ತಿಂಗಳೇ ಕುತ್ತಿಗೆಯ ಶಸ್ತ್ರಚಿಕಿತ್ಸೆ ಆಯಿತು, ಜೂನ್‌ನಲ್ಲಿ ಬೆಲ್ಟ್ ಬಿಡಬೇಕಾಯಿತು. 2016ರ ಫೆಬ್ರುವರಿ 8ರಂದು ತವರಿನ ಸಿಯಾಟಲ್‌ನಲ್ಲಿ ನಿಂತು, ತಲೆಗೆ ಬಿದ್ದ ಪೆಟ್ಟುಗಳು ಮತ್ತು ಅದರಿಂದ ಬಂದ ಫಿಟ್ಸ್ ಬಗ್ಗೆ ಹೇಳಿ, ನಿವೃತ್ತಿ ಘೋಷಿಸಿದ. ಮೂವತ್ತನಾಲ್ಕು ವರ್ಷ. ನಾವು ಕೂಗಿ ಕೂಗಿ ಅವನನ್ನು ಮೇಲಕ್ಕೆ ಕಳಿಸಿದೆವು. ಆ ಎತ್ತರದಿಂದ ಧುಮುಕಿದ್ದು ಅವನ ಕುತ್ತಿಗೆ. ಅವತ್ತು ಅವನು ಕಣ್ಣೀರಿನ ನಡುವೆ ಕೃತಜ್ಞತೆಯ ಮಾತಾಡಿದ. ನನಗೆ ತುಂಬ ಹೊತ್ತು ಏನೂ ಮಾಡಲಾಗಲಿಲ್ಲ. ಎರಡು ವರ್ಷದ ಮೇಲೆ ವೈದ್ಯರು ಒಪ್ಪಿ ಅವನು ಮರಳಿದಾಗ ಹಿಗ್ಗಿದೆ. ಅವನು ಮೇಲಿನ ಹಗ್ಗದಿಂದ ಹಾರಿದಾಗಲೆಲ್ಲ ಕಣ್ಣು ಮುಚ್ಚಿಕೊಂಡೆ.

ಮರಳಿದ ಬ್ರಯನ್ ಖಳನಾದ. 2019ರ ರೆಸಲ್‌ಮೇನಿಯಾದಲ್ಲಿ ಅವನ ಎದುರು ನಿಂತವನು ಘಾನಾದಲ್ಲಿ ಹುಟ್ಟಿದ ಕೋಫಿ ಕಿಂಗ್‌ಸ್ಟನ್, ಹನ್ನೊಂದು ವರ್ಷ ನಗುನಗುತ್ತಾ ದುಡಿದರೂ ಒಮ್ಮೆಯೂ ವಿಶ್ವ ಬೆಲ್ಟ್ ದಕ್ಕದವನು. ಗಾಯಗೊಂಡ ಇನ್ನೊಬ್ಬನ ಬದಲಿಗೆ ಸಿಕ್ಕ ಅವಕಾಶದಲ್ಲಿ ಗಂಟೆಗೂ ಹೆಚ್ಚು ಹೊತ್ತು ಸಾಲಾಗಿ ಬಂದ ಎದುರಾಳಿಗಳ ಜತೆ ಕಾದಿದ್ದ. ಜನ ಅಲ್ಲಿಂದಲೇ ಅವನನ್ನು ಎತ್ತಿಕೊಂಡರು. ಐದು ವರ್ಷದ ಹಿಂದೆ ಬ್ರಯನ್‌ಗೆ ಕೂಗಿದವರು ಈಗ ಬ್ರಯನ್ ಎದುರು ಕೋಫಿಗೆ ಕೂಗಿದರು, ಬ್ರಯನ್ ತನ್ನ ಕಲೆಯನ್ನೆಲ್ಲ ಧಾರೆಯೆರೆದು ಅವನನ್ನು ಗೆಲ್ಲಿಸಿದ. ಕೋಫಿಯ ಇಬ್ಬರು ಗಂಡುಮಕ್ಕಳು ರಿಂಗ್‌ಗೆ ಓಡಿ ಬಂದರು. ನನ್ನ ಏಳು ವರ್ಷದ ಮಗಳು ನಸುಕಿನಲ್ಲಿ ನನ್ನ ಜತೆ ಎದ್ದು ಕೂತು ನೋಡಿದ ಮೊದಲ ರೆಸಲ್‌ಮೇನಿಯಾ ಅದು.

ಅದೇ ವರ್ಷ ಅಕ್ಟೋಬರ್ 4. ಹೊಸ ಚಾನೆಲ್‌ನಲ್ಲಿ ಕಂಪನಿಯ ವಾರದ ಕಾರ್ಯಕ್ರಮ ಸ್ಮ್ಯಾಕ್‌ಡೌನ್‌ನ ಮೊದಲ ರಾತ್ರಿ, ಲಾಸ್ ಏಂಜಲೀಸ್. ಕೋಫಿಯ ಎದುರು ಬ್ರಾಕ್ ಲೆಸ್ನರ್. ಗಂಟೆ ಹೊಡೆಯಿತು, ಲೆಸ್ನರ್ ಎತ್ತಿ ಒಗೆದ, ಮೂರು ಎಣಿಕೆ ಮುಗಿಯಿತು. ಹತ್ತು ಸೆಕೆಂಡ್ ಕೂಡ ಇಲ್ಲ. 180 ದಿನದ ಚಾಂಪಿಯನ್ ಕಡೆ ಆಮೇಲೆ ಕ್ಯಾಮೆರಾ ತಿರುಗಲೂ ಇಲ್ಲ. ಲೆಸ್ನರ್ ಎದುರಿಗೆ ಇನ್ನೊಬ್ಬ ಬಂದು ನಿಂತಾಗಿತ್ತು. ಮುಂದಿನ ವಾರಗಳಲ್ಲಿ ಕೋಫಿ ತನ್ನ ಹಳೆಯ ಗೆಳೆಯರ ಜತೆ ಮೊದಲಿನ ಹಾಗೇ ನಗುತ್ತಾ, ಏನೂ ಆಗಿಲ್ಲ ಎಂಬಂತೆ ಬಂದ. ಬೆಲ್ಟ್‌ನ ಮಾತೇ ಬರಲಿಲ್ಲ.

ಮಗಳು ಮೂರು ವಾರ ನೋಡಿದಳು. ನಾಲ್ಕನೇ ವಾರ ಕೇಳಿದಳು: “ಅಪ್ಪಾ, ಕೋಫಿ ಅದನ್ನ ವಾಪಸ್ ಕೇಳೋದೇ ಇಲ್ವಾ?”